ಪಾಪದಿಂದ ಬಿಡುಗಡೆ, ಹೊಸ ಒಡೆತನ: ಜಾನ್ ನ್ಯೂಟನ್ನನ ಆತ್ಮವೃತ್ತಾಂತವನ್ನು ಕುರಿತು

ಪಾಪವಿಮೋಚನೆಯ ವಿಚಾರವಾಗಿ ಕ್ರೈಸ್ತಧರ್ಮದಲ್ಲಿ ಬಂದಿರುವ ಮಾತುಗಳಲ್ಲಿ ಅತ್ಯಂತ ಗಂಭೀರವೂ ಅಷ್ಟೇ ಕಠಿನವೂ ಆದುದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿದೆ. ಕ್ರಿ.ಶ. 57ರ ಸುಮಾರಿಗೆ ರಚಿತವಾದ ಈ ಪತ್ರಿಕೆಯಲ್ಲಿ ಪಾಪವೆಂಬುದು ಕೇವಲ ದುಷ್ಕೃತ್ಯಗಳ ಪಟ್ಟಿಯಲ್ಲ, ಅದೊಬ್ಬ ಒಡೆಯ. ಮನುಷ್ಯನು ಅವನ ಕ್ರಯಕ್ಕೆ ಬಿದ್ದ ಆಳು. ದೀಕ್ಷಾಸ್ನಾನದಲ್ಲಿ ಕ್ರಿಸ್ತನೊಡನೆ ಸತ್ತವನ ಮೇಲೆ ಆ ಒಡೆಯನಿಗೆ ಹಕ್ಕಿಲ್ಲ; ಸತ್ತ ಆಳನ್ನು ಯಾರು ತಾನೆ ದುಡಿಸಿಕೊಳ್ಳಬಲ್ಲರು? ಇಷ್ಟಕ್ಕೇ ನಿಲ್ಲಿಸಿದ್ದರೆ ಪೌಲನ ಮಾತು ಸುಲಭವಾಗುತ್ತಿತ್ತು. ಅವನು ನಿಲ್ಲಿಸುವುದಿಲ್ಲ. ಬಿಡುಗಡೆ ಹೊಂದಿದವನು ಒಡೆಯನಿಲ್ಲದವನಾಗಲಿಲ್ಲ, ಬೇರೊಬ್ಬ ಒಡೆಯನ ಆಳಾದನು ಎನ್ನುತ್ತಾನೆ. ಹಳೆಯ ಒಡೆಯನು ಕೊಡುವ ಕೂಲಿ ಮರಣ. ಹೊಸ ಒಡೆಯನು ಕೊಡುವ ಜೀವವಾದರೋ ಕೂಲಿಯಲ್ಲ, ದಾನ. ಈ ಹೋಲಿಕೆ ಒರಟಾದುದೆಂಬ ಅರಿವು ಪೌಲನಿಗಿದ್ದಿತು. ಕೇಳುವವರ ದೌರ್ಬಲ್ಯವನ್ನು ನೋಡಿ ಲೋಕದ ರೀತಿಯಲ್ಲಿ ಮಾತಾಡುತ್ತಿದ್ದೇನೆಂದು ನಡುವೆ ಹೇಳಿಕೊಂಡಿದ್ದಾನೆ. ಆದರೂ ಹೋಲಿಕೆಯನ್ನು ಬಿಡಲಿಲ್ಲ. ಪತ್ರಿಕೆಯ ಮೊದಲ ಸಾಲಿನಲ್ಲಿಯೇ ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡವನು ಅವನು.

ಇಲ್ಲಿ ಕನ್ನಡ ಓದುಗನಿಗೆ ಒಂದು ತೊಡಕುಂಟು. ಕನ್ನಡ ಬೈಬಲ್ಲು ಬಳಸಿರುವ ‘ದಾಸ’ ಎಂಬ ಪದ ನಮ್ಮ ಕಿವಿಗೆ ಗೌರವದ ಪದ. ಪುರಂದರದಾಸ, ಕನಕದಾಸ ಎಂದಾಗ ನಾವು ಕೈಮುಗಿಯುತ್ತೇವೆಯೇ ಹೊರತು ಸಂತೆಯಲ್ಲಿ ಮಾರಾಟಕ್ಕೆ ನಿಂತ ಮನುಷ್ಯನನ್ನು ನೆನೆಯುವುದಿಲ್ಲ. ಪೌಲನ ಗ್ರೀಕ್ ಪದ ಸೂಚಿಸುವುದಾದರೋ ಅಂಥ ಮನುಷ್ಯನನ್ನೇ. ರೋಮಿನ ಕಾಯಿದೆಯಲ್ಲಿ ಅವನು ಸ್ವತ್ತು. ‘ತೊತ್ತು’ ಎಂಬ ನಮ್ಮ ಹಳೆಯ ಮಾತು ಇದಕ್ಕೆ ಹೆಚ್ಚು ಸಮೀಪ. ಶರಣರು ತಮ್ಮನ್ನು ತೊತ್ತೆಂದು ಕರೆದುಕೊಂಡಾಗ ಆ ಮಾತಿನ ಕಹಿಯನ್ನು ತಿಳಿದೇ ಕರೆದುಕೊಂಡರು. ‘ಜೀತದಾಳು’ ಎನ್ನಬಹುದಾದರೂ ಜೀತಕ್ಕೆ ಸುಳ್ಳೋ ನಿಜವೋ ಒಂದು ಸಾಲದ ಲೆಕ್ಕವಾದರೂ ಇರುತ್ತದೆ. ರೋಮಿನ ಆಳಿಗೆ ಅದೂ ಇರಲಿಲ್ಲ. ಇದು ಬರಿಯ ಪದಜಿಜ್ಞಾಸೆಯಲ್ಲ. ಕಹಿಯನ್ನು ಕಳೆದುಕೊಂಡ ರೂಪಕವನ್ನು ಎಷ್ಟು ಸವಿದರೂ ಅದರ ಸತ್ಯಾಸತ್ಯತೆ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ, ಮನುಷ್ಯರನ್ನು ನಿಜವಾಗಿ ಕೊಂಡು ಮಾರಿದವನೊಬ್ಬನ ಬಾಳಿನಲ್ಲಿ ಈ ಮಾತು ಏನಾಯಿತೆಂದು ನೋಡಬೇಕು. ಅಂಥವನೊಬ್ಬನು ತನ್ನ ಕಥೆಯನ್ನು ತಾನೇ ಬರೆದಿಟ್ಟಿದ್ದಾನೆ. ಅವನೇ ಜಾನ್ ನ್ಯೂಟನ್. ಗುರುತ್ವಾಕರ್ಷಣದ ನ್ಯೂಟನ್ನನಲ್ಲ, ‘ಅಮೇಜಿಂಗ್ ಗ್ರೇಸ್’ ಎಂಬ ಲೋಕಪ್ರಸಿದ್ಧ ಕೀರ್ತನೆಯ ಕರ್ತೃ.

1764ರಲ್ಲಿ ಪ್ರಕಟವಾದ ಅವನ ಆತ್ಮವೃತ್ತಾಂತವು ಹದಿನಾಲ್ಕು ಪತ್ರಗಳ ಒಂದು ಸಣ್ಣ ಗ್ರಂಥ. 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನ್ಯೂಟನ್ನನಿಗೆ ಏಳು ವರ್ಷ ತುಂಬುವ ಮೊದಲೇ ಧರ್ಮಪರಾಯಣೆಯಾದ ತಾಯಿ ತೀರಿಕೊಂಡಳು. ತಂದೆ ಹಡಗಿನ ನಾಯಕ, ಮಗನೂ ಕಡಲಿಗಿಳಿದ. 1744ರಲ್ಲಿ ಬಲಾತ್ಕಾರವಾಗಿ ಯುದ್ಧನೌಕೆಗೆ ಸೇರಿಸಲ್ಪಟ್ಟು, ಓಡಿಹೋಗಲು ಯತ್ನಿಸಿ, ಚಾವಟಿಯ ಏಟು ತಿಂದು, ಕೊನೆಗೆ ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಸೇರಿದ. ಸಿಯೆರಾ ಲಿಯೋನ್ ಸಮೀಪದ ದ್ವೀಪವೊಂದರಲ್ಲಿ ಅವನು ರೋಗಿಯಾಗಿ ಬಿದ್ದುಕೊಂಡ ದಿನಗಳ ವರ್ಣನೆಯು ಈ ಗ್ರಂಥದ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ. ಉಡಲು ಬಟ್ಟೆಯಿಲ್ಲ, ತಿನ್ನಲು ಅನ್ನವಿಲ್ಲ. ಕೈಯಲ್ಲಿ ಉಳಿದದ್ದು ಯೂಕ್ಲಿಡ್ಡನ ರೇಖಾಗಣಿತದ ಒಂದು ಪುಸ್ತಕ. ಕಡಲದಂಡೆಯ ಮರಳಿನ ಮೇಲೆ ಕೋಲಿನಿಂದ ರೇಖಾಚಿತ್ರಗಳನ್ನು ಬರೆಯುತ್ತ ತನ್ನ ದುಃಖವನ್ನು ಮರೆಯುತ್ತಿದ್ದನಂತೆ. ಸಂಕೋಲೆಯಲ್ಲಿದ್ದ ಗುಲಾಮರೇ, ಯಾರಿಗೂ ಕಾಣದಂತೆ, ತಮ್ಮ ಪಾಲಿನ ಅತ್ಯಲ್ಪ ಆಹಾರದಲ್ಲಿ ಅವನಿಗೂ ಕೊಟ್ಟರಂತೆ. ಈ ಸಂಗತಿಯನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಓದುಗನಿಗೆ ಮಾತ್ರ ಅಷ್ಟು ಬೇಗ ಮುಂದೆ ಸಾಗಲಾಗುವುದಿಲ್ಲ.

ಅಲ್ಲಿಂದ ಪಾರಾಗಿ ‘ಗ್ರೇಹೌಂಡ್’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಮರಳುವಾಗ, 1748ರ ಮಾರ್ಚ್ 21ರಂದು, ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿ ಎದ್ದಿತು. ಹಡಗು ಸೀಳಿ ನೀರು ತುಂಬುತ್ತಿರಲು, ದೇವನಿಂದೆಯಲ್ಲಿ ನಾವಿಕರನ್ನೂ ಮೀರಿಸಿದ್ದ ಈ ಯುವಕನ ಬಾಯಿಂದ, ಅವನಿಗೇ ಅರಿವಿಲ್ಲದೆ, ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ತನ್ನ ಮಾತಿಗೆ ತಾನೇ ಬೆಚ್ಚಿಬಿದ್ದನು. ಈ ಬೆಚ್ಚುವಿಕೆಯಿಂದಲೇ ಅವನ ಪರಿವರ್ತನೆ ಮೊದಲಾಗುತ್ತದೆ. ಇದನ್ನು ವರ್ಣಿಸುವಲ್ಲಿ ನ್ಯೂಟನ್ ತೋರುವ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಒಂದೇ ರಾತ್ರಿಯಲ್ಲಿ ಸಂತನಾದೆನೆಂದು ಅವನು ಹೇಳಿಕೊಳ್ಳುವುದಿಲ್ಲ. ಪೂರ್ಣಾರ್ಥದಲ್ಲಿ ವಿಶ್ವಾಸಿಯಾದದ್ದು ಬಹುಕಾಲದ ಮೇಲೆ ಎಂದು ಒಪ್ಪಿಕೊಳ್ಳುತ್ತಾನೆ.

ಆ ಬಹುಕಾಲದಲ್ಲಿ ನಡೆದುದೇನು ಎಂಬುದೇ ನಮ್ಮ ಪ್ರಶ್ನೆ. ಬಿರುಗಾಳಿಯಿಂದ ಬದುಕಿ ಬಂದ ವರ್ಷವೇ ಅವನು ಗುಲಾಮರ ಹಡಗೊಂದರಲ್ಲಿ ನಾಯಕನ ಸಹಾಯಕನಾಗಿ ಹೊರಟನು. 1750ರಿಂದ 1754ರವರೆಗೆ ಮೂರು ಪ್ರಯಾಣಗಳಲ್ಲಿ ಸ್ವತಃ ನಾಯಕ. ಭಾನುವಾರಗಳಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ನಡೆಸಿದ. ದೇವರೊಡನೆ ಅತ್ಯಂತ ಮಧುರವಾದ ಸಹವಾಸದ ಗಳಿಗೆಗಳು ತನಗೆ ದೊರೆತದ್ದು ಕೊನೆಯ ಎರಡು ಗಿನಿ ಪ್ರಯಾಣಗಳಲ್ಲಿ ಎಂದು ಬರೆದಿದ್ದಾನೆ. ಅವನು ಕುಳಿತು ಪ್ರಾರ್ಥಿಸುತ್ತಿದ್ದ ಹಲಗೆಯ ಕೆಳಗಡೆ ಸಂಕೋಲೆ ತೊಟ್ಟ ಗಂಡಸರು ಹೆಂಗಸರು ಮಕ್ಕಳು ಮಲಗಿದ್ದರು. ಆ ವೃತ್ತಿ ಧರ್ಮವಿರುದ್ಧವೆಂಬ ಸಂಶಯ ಆಗ ಎಳ್ಳಷ್ಟೂ ಬರಲಿಲ್ಲವೆಂದು ಅವನದೇ ಹೇಳಿಕೆಯಿದೆ. ಕಾರಾಗೃಹದ ಕಾವಲುಗಾರನ ಕೆಲಸದಂತೆ ಅದು ಹಿತವಾಗಿರಲಿಲ್ಲ, ಬೇರೊಂದು ಕಸುಬು ದೊರೆಯಲೆಂದು ಬೇಡುತ್ತಿದ್ದೆ ಎನ್ನುತ್ತಾನೆ, ಅಷ್ಟೇ. ಬಿಟ್ಟದ್ದೂ ವಿವೇಕೋದಯದಿಂದಲ್ಲ, 1754ರಲ್ಲಿ ಬಂದ ಮೂರ್ಛೆಯ ಕಾಯಿಲೆಯಿಂದ.

1962ರಲ್ಲಿ ಅಚ್ಚಾದ ಅವನ ಹಡಗಿನ ದಿನಚರಿಯನ್ನು ಇದರೊಡನೆ ಓದಿದರೆ ಎದೆ ಕುಗ್ಗುತ್ತದೆ. 1752ರ ಡಿಸೆಂಬರಿನಲ್ಲಿ ಗುಲಾಮರು ದಂಗೆಯೇಳುವ ಸಂಚಿನ ಸುಳಿವು ಸಿಕ್ಕಿತು. ಅವರಿಗೆ ಆಯುಧ ಒದಗಿಸಿದರೆಂಬ ಸಂದೇಹದ ಮೇಲೆ ಕೆಲವು ಹುಡುಗರ ಹೆಬ್ಬೆರಳುಗಳನ್ನು ತಿರುಪಿನ ಯಂತ್ರಕ್ಕೆ ಕೊಟ್ಟು ತಪ್ಪೊಪ್ಪಿಗೆ ಪಡೆಯಲೆತ್ನಿಸಿದೆನೆಂದು, ಹವೆಯ ಸ್ಥಿತಿಯನ್ನು ಬರೆಯುವ ಅದೇ ನಿರ್ವಿಕಾರ ಧಾಟಿಯಲ್ಲಿ ಬರೆದಿದ್ದಾನೆ. ದೇವರ ಮುಂದೆ ದಿನವೂ ತಪ್ಪೊಪ್ಪಿಕೊಳ್ಳುತ್ತಿದ್ದವನು ಇವನೇ.

ಇದಕ್ಕೆ ಯುಗಧರ್ಮವನ್ನು ಸಮಾಧಾನವಾಗಿ ಹೇಳುವವರುಂಟು. ಆ ಸಮಾಧಾನ ಅರ್ಧ ಸತ್ಯ. ಪೆನ್ಸಿಲ್ವೇನಿಯದ ಜರ್ಮನ್‌ಟೌನ್ ಎಂಬಲ್ಲಿ ಕ್ವೇಕರ್ ಪಂಥದ ಕೆಲವರು 1688ರಷ್ಟು ಹಿಂದೆಯೇ ಗುಲಾಮಗಿರಿಯನ್ನು ಖಂಡಿಸಿ ಬರೆದಿದ್ದರು. ಕಾಣಬಲ್ಲವರಿಗೆ ಅದು ಕಂಡಿತ್ತು. ನ್ಯೂಟನ್ನನಿಗೆ ಏಕೆ ಕಾಣಲಿಲ್ಲ? ಒಂದು ಕಾರಣ ಗ್ರಂಥದ ರೂಪದಲ್ಲಿಯೇ ಇದೆ ಎಂದು ತೋರುತ್ತದೆ. ಅವನು ಎಣಿಸುವ ಪಾಪಗಳೆಲ್ಲ ದೇವನಿಂದೆ, ನಾಸ್ತಿಕ್ಯ, ಸ್ವೇಚ್ಛಾಚಾರ ಇವೇ. ದೇವರಿಗೂ ತನಗೂ ನಡುವಣ ಲೆಕ್ಕ. ಈ ಬಗೆಯ ಆತ್ಮಕಥನದ ಮೂಲಪುರುಷನಾದ ಆಗಸ್ಟೀನನಲ್ಲಿಯೂ ಈ ದೋಷದ ಬೀಜವಿದೆ. ‘ಕನ್‌ಫೆಷನ್ಸ್’ ಗ್ರಂಥದಲ್ಲಿ ಬಾಲ್ಯದಲ್ಲಿ ಮಾಡಿದ ಪೇರುಹಣ್ಣಿನ ಕಳ್ಳತನಕ್ಕೆ ಪುಟಗಟ್ಟಲೆ ಪರಿತಾಪವುಂಟು. ಅನೇಕ ವರ್ಷ ಅವನೊಡನೆ ಬಾಳಿ, ಮಗನನ್ನು ಹೆತ್ತು, ಕಡೆಗೆ ಆಫ್ರಿಕಕ್ಕೆ ಹಿಂದಿರುಗಬೇಕಾಗಿ ಬಂದ ಹೆಂಗಸಿಗೆ ಕೆಲವೇ ಸಾಲು. ಅವಳ ಹೆಸರು ಕೂಡ ಇಲ್ಲ. ಆಗಸ್ಟೀನನು ನ್ಯೂಟನ್ನನಿಗಿಂತ ಅಳತೆಗೆ ಸಿಗದಷ್ಟು ದೊಡ್ಡ ಲೇಖಕನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಥನದ ಕ್ರಮ ಒಂದೇ: ಪಾಪಿ ಹಾಗೂ ದೇವರು ಇಬ್ಬರೇ ರಂಗದ ಮೇಲೆ, ಪಾಪದಿಂದ ನೊಂದವರು ನೇಪಥ್ಯದಲ್ಲಿ.

ಇನ್ನೊಂದು ಕಾರಣ ಪೌಲನ ರೂಪಕದಲ್ಲಿಯೇ ಅಡಗಿದೆಯೆಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಪರಮ ಶ್ರೇಯಸ್ಸನ್ನೇ ಒಡೆಯ-ಆಳುಗಳ ಸಂಬಂಧವಾಗಿ ಚಿತ್ರಿಸಿದ ಮೇಲೆ ಒಡೆತನವು ಹೇಸಿಗೆಯಾಗಿ ಕಾಣುವುದಾದರೂ ಹೇಗೆ? ಅಮೆರಿಕದ ಗುಲಾಮರ ಒಡೆಯರು ಪೌಲನ ಪತ್ರಿಕೆಗಳನ್ನು ತಮ್ಮ ಸಮರ್ಥನೆಗೆ ಬಳಸಿಕೊಂಡರೆಂಬುದು ಇತಿಹಾಸ. ಆದರೂ ಈ ಆಕ್ಷೇಪವೇ ಕೊನೆಯ ಮಾತಲ್ಲ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ ಪೌಲನು, ಒನೇಸಿಮನೆಂಬ ನಿಜವಾದ ಆಳನ್ನು ಹಿಂದಿರುಗಿಸುತ್ತ, ಇನ್ನು ಅವನನ್ನು ಆಳೆಂದು ಬಗೆಯದೆ ಪ್ರಿಯ ಸಹೋದರನೆಂದು ಬರಮಾಡಿಕೊಳ್ಳಲು ಕೇಳುತ್ತಾನೆ. ಒಡೆಯನು ಒಬ್ಬನೇ ಎಂದು ಒಪ್ಪಿದಲ್ಲಿ ಮಿಕ್ಕ ಒಡೆತನಗಳ ಬುಡ ಅಲುಗುತ್ತದೆ. ಪೌಲನು ಅಲುಗಿಸಿದ, ಕೀಳಲಿಲ್ಲ. ರೋಮಾಪುರದವರಿಗೆ ಬರೆದುದರಲ್ಲಿಯೂ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಿಡುಗಡೆ ಆಗಿಹೋಯಿತು ಎಂದು ಹೇಳಿದ ಬಾಯಿಂದಲೇ ಅವನು, ನಿಮ್ಮ ಅಂಗಾಂಗಗಳನ್ನು ಹೊಸ ಒಡೆಯನಿಗೆ ಒಪ್ಪಿಸಿರಿ ಎಂದು ವಿಧಿಸುತ್ತಾನೆ. ಮುಗಿದ ಕಾರ್ಯಕ್ಕೆ ಮತ್ತೆ ವಿಧಿಯೇಕೆ? ಪೂರ್ತಿ ಕೊಟ್ಟೆನೆಂದುಕೊಂಡವನ ಒಂದು ಕೈ ಹಳೆಯ ಒಡೆಯನ ಕೆಲಸದಲ್ಲಿಯೇ ಇರಬಹುದು, ಅದು ಅವನಿಗೆ ತಿಳಿಯದೆಯೂ ಇರಬಹುದು. ಈ ವಿಧಿವಾಕ್ಯವಿಲ್ಲದೆ ನ್ಯೂಟನ್ನನ ಬಾಳು ಅರ್ಥವಾಗದು.

ಅವನ ಆ ಕೈ ತಿರುಗಿದ್ದು 1788ರಲ್ಲಿ. ಅಷ್ಟರಲ್ಲಿ ಓಲ್ನಿ ಎಂಬ ಊರಿನಲ್ಲಿ ಹದಿನಾರು ವರ್ಷ ಪಾದ್ರಿಯಾಗಿದ್ದು, ಕವಿ ವಿಲಿಯಂ ಕೂಪರನ ಸ್ನೇಹದಲ್ಲಿ ಕೀರ್ತನೆಗಳನ್ನು ರಚಿಸಿ, 1780ರಿಂದ ಲಂಡನ್ನಿನ ದೇವಾಲಯವೊಂದರಲ್ಲಿದ್ದ. ಯುವ ಸಂಸದ ವಿಲ್ಬರ್‌ಫೋರ್ಸ್ 1785ರಲ್ಲಿ ಅವನ ಸಲಹೆ ಕೇಳಲು ಬಂದಿದ್ದ. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಆಗ ಅವನು ಪ್ರಕಟಿಸಿದ ಕಿರುಹೊತ್ತಗೆಯನ್ನು ನಾನು ಅವನ ಆತ್ಮವೃತ್ತಾಂತದ ಉತ್ತರಾರ್ಧವೆಂದೇ ಭಾವಿಸುತ್ತೇನೆ. ಎರಡನ್ನೂ ಒಟ್ಟಿಗೆ ಓದದೆ ಒಂದನ್ನೂ ಓದಿದಂತಾಗುವುದಿಲ್ಲ. ತನ್ನ ಒಪ್ಪಿಗೆ ಬಹಳ ತಡವಾಗಿ ಬಂದಿದೆಯೆಂದೂ, ತನ್ನ ಎದೆಯನ್ನು ನಡುಗಿಸುವ ಕೆಲಸದಲ್ಲಿ ತಾನೇ ಭಾಗಿಯಾಗಿದ್ದೆನೆಂಬ ಅವಮಾನ ಸದಾ ಉಳಿಯುವುದೆಂದೂ ಇಲ್ಲಿ ಹೇಳುತ್ತಾನೆ. ಭಾಷೆಯೇ ಬೇರೆಯಾಗಿದೆ. 1764ರ ಗದ್ಯದಲ್ಲಿದ್ದ ವೇದವಾಕ್ಯಗಳ ನೆರೆ ಇಲ್ಲಿ ಇಳಿದಿದೆ. ಹಡಗಿನ ತಳದಲ್ಲಿ ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಒತ್ತಿ ಜೋಡಿಸುತ್ತಿದ್ದ ಬಗೆಯನ್ನು ಅಳತೆ ಸಹಿತವಾಗಿ, ಸಾಕ್ಷಿಯ ಧ್ವನಿಯಲ್ಲಿ ಹೇಳುತ್ತಾನೆ. ಮುಂದೆ ಪಾರ್ಲಿಮೆಂಟಿನ ಸಮಿತಿಯ ಮುಂದೆಯೂ ನಿಂತು ಇದನ್ನೇ ನುಡಿದನು.

ಈ ಹೊತ್ತಗೆಯೂ ನಿರ್ದುಷ್ಟವಲ್ಲ. ಆಫ್ರಿಕದವರ ಕಷ್ಟವನ್ನು ಹೇಳುವ ಮೊದಲು ಇಂಗ್ಲಿಷ್ ನಾವಿಕರಿಗೆ ಈ ವ್ಯಾಪಾರದಿಂದ ಒದಗುವ ಪ್ರಾಣಹಾನಿಯನ್ನೂ ಶೀಲಹಾನಿಯನ್ನೂ ವಿಸ್ತರಿಸುತ್ತಾನೆ. ಪಾರ್ಲಿಮೆಂಟಿನ ಕಿವಿಗೆ ತಾಗಲೆಂದು ಹೀಗೆ ಮಾಡಿರಬಹುದು. ಆದರೂ ದ್ವೀಪದಲ್ಲಿ ತನಗೆ ಅನ್ನ ಕೊಟ್ಟವರು ಮೊದಲ ಪುಟದಲ್ಲಿ ಬರಬೇಕಾಗಿತ್ತು. ಪಾಪದಿಂದ ಬಿಡುಗಡೆಯ ತತ್ತ್ವಕ್ಕೂ ಮನುಷ್ಯರ ಬಿಡುಗಡೆಗೂ ಇರುವ ನಂಟನ್ನು ಅವನು ಇಲ್ಲಿ ತರ್ಕದಿಂದ ಬಿಡಿಸಿ ತೋರಿಸಲೂ ಇಲ್ಲ. ನಾಚಿಕೆಯಿಂದ ಮಾತ್ರ ತೋರಿಸಿದ. ನನಗೆ ಆ ನಾಚಿಕೆಯಲ್ಲಿ, ಹದಿನಾಲ್ಕು ಪತ್ರಗಳ ಆನಂದದಲ್ಲಿರುವುದಕ್ಕಿಂತ ಹೆಚ್ಚಿನ ವಿಶ್ವಾಸ ಕಾಣುತ್ತದೆ.

1773ರ ಮೊದಲ ದಿನದ ಉಪದೇಶಕ್ಕಾಗಿ ರಚಿಸಿದನೆಂದು ಹೇಳಲಾಗುವ ಆ ಪ್ರಸಿದ್ಧ ಕೀರ್ತನೆ ಈ ಎರಡು ಗ್ರಂಥಗಳ ನಡುವೆ ನಿಂತಿದೆ, ಅಚ್ಚಾದದ್ದು 1779ರಲ್ಲಿ. ತಾನು ನೀಚನಾಗಿದ್ದೆನೆಂದು ಹಾಡುವ ಅದರಲ್ಲಿ ನೀಚತನ ಯಾವುದೆಂಬ ಮಾತಿಲ್ಲ. ಇಂದು ಎಲ್ಲರೂ ಕೇಳುವ ರಾಗ ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ. ಹಡಗುಗಳ ತಳದಲ್ಲಿ ಬಂದವರ ಮಕ್ಕಳು ಮೊಮ್ಮಕ್ಕಳೇ ಅದನ್ನು ತಮ್ಮದನ್ನಾಗಿ ಮಾಡಿಕೊಂಡು ಹಾಡಿದರು. ಬರೆದವನು ಬಿಟ್ಟಿದ್ದ ತೆರಪಿನಲ್ಲಿ ಅವರು ತಮ್ಮ ಬಿಡುಗಡೆಯನ್ನು ಇಟ್ಟರು.

ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿನಲ್ಲಿ. ಅದೇ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡನು. ತನ್ನ ಸಮಾಧಿಲೇಖವನ್ನು ತಾನೇ ಬರೆದಿಟ್ಟಿದ್ದ. ನಾಸ್ತಿಕನೂ ಸ್ವೇಚ್ಛಾಚಾರಿಯೂ, ಆಫ್ರಿಕದಲ್ಲಿ ಗುಲಾಮರಿಗೂ ಆಳಾಗಿದ್ದವನೂ ಆದ ತನ್ನನ್ನು ಕ್ರಿಸ್ತನ ಕರುಣೆ ಉಳಿಸಿ, ಕ್ಷಮಿಸಿ, ಉಪದೇಶಕನನ್ನಾಗಿ ನೇಮಿಸಿತೆಂದು ಅದರಲ್ಲಿ ಕೆತ್ತಿದೆ. ತಾನು ಆಳಾಗಿದ್ದ ದಿನಗಳು ಆ ಕಲ್ಲಿನ ಮೇಲಿವೆ. ಹಡಗಿನ ಒಡೆಯನಾಗಿ ನಿಂತ ನಾಲ್ಕು ವರ್ಷಗಳು ಇಲ್ಲ.