ಕಾಲಕೋಷ್ಟಕದ ಮಿತಿ: ಇಂಗ್ಲಿಷ್ ಕ್ರಿಯಾಪದಗಳ ಬೋಧನೆಯನ್ನು ಕುರಿತು ಒಂದು ವಿಮರ್ಶೆ

ಇಂಗ್ಲಿಷ್ ವ್ಯಾಕರಣವನ್ನು ಕಲಿತ ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ಹನ್ನೆರಡು ಮನೆಗಳ ಕಾಲಕೋಷ್ಟಕವು ಪರಿಚಿತವಾದುದು. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಸಾಲುಗಳು. ಒಂದೊಂದು ಸಾಲಿನಲ್ಲಿಯೂ ನಾಲ್ಕು ರೂಪಗಳು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಮೂಲಕವೂ ಅದರ ಜಾಡಿನಲ್ಲಿ ಬಂದ ಅನೇಕ ಕೈಪಿಡಿಗಳ ಮೂಲಕವೂ ಈ ಕ್ರಮವು ಭಾರತದ ಶಾಲೆಗಳಲ್ಲಿ ಬೇರೂರಿದೆ. ಹೀಗಿದ್ದರೂ ಕೋಷ್ಟಕವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ವಿದ್ಯಾರ್ಥಿಯೇ ಉತ್ತರಪತ್ರಿಕೆಯಲ್ಲಿ ಕಾಲದೋಷಗಳನ್ನು ಮಾಡುತ್ತಾನೆ. ಇದು ಅವನ ಅಲಕ್ಷ್ಯದ ಫಲವೆಂದು ಹೇಳಿ ಸುಮ್ಮನಾಗುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ದೋಷದ ಮೂಲವು ಕೋಷ್ಟಕದಲ್ಲಿಯೇ ಇದೆ. ಇತಿಹಾಸವನ್ನು ಬೋಧಿಸುವವರು ಈ ಪ್ರಶ್ನೆಗೆ ಕೈಹಾಕುವುದು ಅನಧಿಕಾರವೆಂದು ಯಾರೂ ಭಾವಿಸಲಾರರೆಂದು ನಂಬಿದ್ದೇವೆ. ಘಟನೆಗಳ ಪೂರ್ವಾಪರವನ್ನು ನಿರ್ಣಯಿಸುವುದೇ ಕಸುಬಾದವರಿಗೆ ಕ್ರಿಯಾಪದದ ಕಾಲವು ಅನ್ಯವಿಷಯವಲ್ಲ.

ಮೊದಲು ಕೋಷ್ಟಕದ ವಂಶಾವಳಿಯನ್ನು ನೋಡೋಣ. ಇಂಗ್ಲಿಷ್ ಭಾಷೆಯ ಮೊದಲ ಮುದ್ರಿತ ವ್ಯಾಕರಣವೆನಿಸಿದ ವಿಲಿಯಂ ಬುಲೋಕರನ ಗ್ರಂಥವು 1586ರಲ್ಲಿ ಹೊರಬಂದಿತು. ಆಗ ಶಾಲೆಗಳಲ್ಲಿ ನಡೆಯುತ್ತಿದ್ದ ಲ್ಯಾಟಿನ್ ವ್ಯಾಕರಣವೇ ಅದಕ್ಕೆ ಮಾದರಿ. ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿನಲ್ಲಿ ಎರಕಹೊಯ್ಯುವುದು ಸಲ್ಲದೆಂದು ಜಾನ್ ವಾಲಿಸನು 1653ರಷ್ಟು ಹಿಂದೆಯೇ ವಾದಿಸಿದನಾದರೂ ಆ ಮಾತು ಪಾಠಶಾಲೆಯನ್ನು ಮುಟ್ಟಲಿಲ್ಲ. 1795ರಲ್ಲಿ ಪ್ರಕಟವಾಗಿ ಅಸಾಧಾರಣ ಪ್ರಚಾರವನ್ನು ಪಡೆದ ಲಿಂಡ್ಲಿ ಮರ್ರೆಯ ವ್ಯಾಕರಣವು ಆರು ಕಾಲಗಳನ್ನು ಹೇಳುತ್ತದೆ. ಲ್ಯಾಟಿನ್ನಿನಲ್ಲಿಯೂ ಕಾಲಗಳು ಆರೇ ಎಂಬುದು ಆಕಸ್ಮಿಕವಲ್ಲ. ಆರು ಹನ್ನೆರಡಾದದ್ದು ಅನಂತರದ ಬೆಳವಣಿಗೆ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಈ ಸಂಖ್ಯೆಯನ್ನೇ ಪ್ರಶ್ನಿಸಿದರು. ಇಂಗ್ಲಿಷಿಗೆ ಪ್ರತ್ಯೇಕವಾದ ಭವಿಷ್ಯತ್ಕಾಲವಿಲ್ಲವೆಂದು ಆಟೊ ಯೆಸ್ಪರ್ಸನ್ನರು ಪ್ರತಿಪಾದಿಸಿದರು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಅವರ ಸಹಕರ್ತರು 1972ರಲ್ಲಿ ಹೊರತಂದ ಬೃಹದ್ವ್ಯಾಕರಣವೂ ರೂಪದೃಷ್ಟಿಯಿಂದ ವರ್ತಮಾನ, ಭೂತ ಎಂಬ ಎರಡೇ ಕಾಲಗಳನ್ನು ಅಂಗೀಕರಿಸಿತು. 'ವಿಲ್' ಎಂಬುದು ಸಂಕಲ್ಪ, ಊಹೆ ಮುಂತಾದವುಗಳನ್ನು ಸೂಚಿಸುವ ಸಹಾಯಕ ಕ್ರಿಯಾಪದವೇ ಹೊರತು ಕಾಲಪ್ರತ್ಯಯವಲ್ಲ.

ಹಾಗಾದರೆ ರೂಪನಿಷ್ಪತ್ತಿಯನ್ನು ಹೇಗೆ ಕಲಿಸಬೇಕು? ಹನ್ನೆರಡು ಮನೆಗಳನ್ನು ಬಾಯಿಪಾಠ ಮಾಡಿಸುವುದಕ್ಕೆ ಬದಲಾಗಿ ಮೂರು ಸೂತ್ರಗಳು ಸಾಕು. 'ವಿಲ್', 'ವುಡ್' ಮೊದಲಾದವುಗಳ ಮುಂದೆ ಧಾತುವು ತನ್ನ ಮೂಲರೂಪದಲ್ಲಿಯೇ ಬರುತ್ತದೆ. 'ಹ್ಯಾವ್' ಎಂಬುದರ ಮುಂದೆ 'ರಿಟನ್', 'ಗಾನ್' ಎಂಬಂತಹ ಮೂರನೆಯ ರೂಪ ಬರುತ್ತದೆ. ಕರ್ತರಿ ಪ್ರಯೋಗದಲ್ಲಿ 'ಬೀ' ಎಂಬುದರ ಮುಂದೆ 'ಇಂಗ್' ಅಂತ್ಯದ ರೂಪ ಬರುತ್ತದೆ. ಇವು ಕೂಡಿ ಬಂದಾಗ ಇದೇ ಅನುಕ್ರಮವು ನಿಲ್ಲುತ್ತದೆ. 'ವುಡ್ ಹ್ಯಾವ್ ಬೀನ್ ರೈಟಿಂಗ್' ಎಂಬ ಉದ್ದನೆಯ ಸರಪಳಿಯೂ ಈ ಮೂರರಿಂದಲೇ ಸಿದ್ಧಿಸುತ್ತದೆ. ಕಾಲಸೂಚನೆಯಾದರೋ ಸರಪಳಿಯ ಮೊದಲ ಕೊಂಡಿಯ ಮೇಲೆ ಮಾತ್ರ, ಒಂದೇ ಸಲ. ಆದಕಾರಣವೇ 'ಡಿಡ್ ನಾಟ್ ವೆಂಟ್' ಎಂಬುದು ಅಪಪ್ರಯೋಗ. ಇಲ್ಲಿ ಕನ್ನಡವೇ ಬೋಧಕನಿಗೆ ನೆರವಾಗಬಲ್ಲುದು. 'ಹೋದನು' ಎಂಬಲ್ಲಿರುವ ಭೂತಪ್ರತ್ಯಯವು 'ಹೋಗಲಿಲ್ಲ' ಎಂಬಲ್ಲಿ ಮಾಯವಾಗುತ್ತದೆ. ನಿಷೇಧ ಬಂದೊಡನೆ ನಾವೂ ಧಾತುವಿನಿಂದ ಭೂತದ ಗುರುತನ್ನು ಕಳಚುತ್ತೇವೆ. ಈ ಹೋಲಿಕೆಯನ್ನು ಒಮ್ಮೆ ಕಂಡ ವಿದ್ಯಾರ್ಥಿಯು ಸೂತ್ರವನ್ನು ಮರೆಯುವುದು ಕಷ್ಟ.

ರೂಪಕ್ಕಿಂತ ಪ್ರಯೋಗವು ಹೆಚ್ಚು ತೊಡಕಿನದು. ಇಲ್ಲಿ ಕೋಷ್ಟಕವು ನಿರುಪಯುಕ್ತವಷ್ಟೇ ಅಲ್ಲ, ದಾರಿ ತಪ್ಪಿಸುವಂತಹುದು. ಒಂದೊಂದು ಮನೆಗೂ ಒಂದೊಂದು ಕನ್ನಡ ರೂಪವು ಸಮಾನವೆಂಬ ಭ್ರಾಂತಿಯನ್ನು ಅದು ಹುಟ್ಟಿಸುತ್ತದೆ. 'ಬರೆದಿದ್ದಾನೆ' ಎಂದರೆ 'ಹ್ಯಾಸ್ ರಿಟನ್' ಎಂದು ಕಲಿತ ವಿದ್ಯಾರ್ಥಿಯು, ಪಂಪನು ಆದಿಪುರಾಣವನ್ನು 941ರಲ್ಲಿ ರಚಿಸಿದ್ದಾನೆ ಎಂಬ ಸಾಧುವಾದ ಕನ್ನಡ ವಾಕ್ಯವನ್ನು 'ಪಂಪ ಹ್ಯಾಸ್ ಕಂಪೋಸ್ಡ್' ಎಂದು ತಿರುಗಿಸಿ, ವರ್ಷವನ್ನೂ ಅದರೊಡನೆ ಸೇರಿಸುತ್ತಾನೆ. ಕನ್ನಡದ ಈ ರೂಪವು ನಿರ್ದಿಷ್ಟವಾದ ಗತಕಾಲದ ಮಾತನ್ನು ಸಹಿಸುತ್ತದೆ, ಇಂಗ್ಲಿಷಿನದು ಸಹಿಸುವುದಿಲ್ಲ. ವರ್ಷವನ್ನು ಹೇಳಿದೊಡನೆ ಇಂಗ್ಲಿಷ್ ಆ ಘಟನೆಯನ್ನು ಇಂದಿನಿಂದ ಕತ್ತರಿಸಿ 'ಕಂಪೋಸ್ಡ್' ಎಂದೇ ಹೇಳುತ್ತದೆ. ಇದಕ್ಕೆ ವಿಪರ್ಯಯವಾದ ತಪ್ಪೂ ಉಂಟು. 'ಹತ್ತು ವರ್ಷಗಳಿಂದ ಮೈಸೂರಿನಲ್ಲಿ ವಾಸಿಸುತ್ತಿದ್ದಾನೆ' ಎಂಬುದನ್ನು ವಿದ್ಯಾರ್ಥಿಯು 'ಈಸ್ ಲಿವಿಂಗ್' ಎಂದು ಬರೆಯುತ್ತಾನೆ. ಅಂದಿನಿಂದ ಇಂದಿನವರೆಗೆ ಚಾಚಿದ ಅವಧಿಗೆ ಇಂಗ್ಲಿಷ್ 'ಹ್ಯಾಸ್ ಬೀನ್ ಲಿವಿಂಗ್' ಎಂಬುದನ್ನು ಬಯಸುತ್ತದೆ.

ಇವು ಕೇವಲ ಶೈಲಿಯ ಸೂಕ್ಷ್ಮಗಳೆಂದು ಹೇಳುವವರಿಗೆ ಇತಿಹಾಸದ ಉತ್ತರಗಳಿಂದ ಮೂರು ನಿದರ್ಶನಗಳನ್ನು ಒಪ್ಪಿಸುತ್ತೇವೆ. ಹಲ್ಮಿಡಿ ಶಾಸನದ ಕಾಲವನ್ನು ಕುರಿತು ವಿದ್ವಾಂಸರು 'ಹ್ಯಾವ್ ಡಿಬೇಟೆಡ್' ಎಂದರೆ ಚರ್ಚೆಯು ಇಂದಿಗೂ ಸಂಬಂಧಪಟ್ಟದ್ದೆಂಬ ಸೂಚನೆಯಿದೆ. ಬರಿಯ 'ಡಿಬೇಟೆಡ್' ಎಂದರೆ ಅದು ಮುಗಿದ ಹೋದ ಕಥೆಯೆಂಬ ಭಾವನೆಗೆ ಎಡೆಯಾಗುತ್ತದೆ. ಸಂಶೋಧನೆಯ ಸ್ಥಿತಿಯನ್ನೇ ಒಂದು ಸಹಾಯಕ ಕ್ರಿಯಾಪದವು ನಿರ್ಧರಿಸುತ್ತಿದೆ.

ಎರಡನೆಯದು ಪೂರ್ವಾಪರದ ನಿದರ್ಶನ. 1565ರ ಜನವರಿಯಲ್ಲಿ ನಡೆದ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಮಡಿದ ಬಳಿಕ, ಅವನ ತಮ್ಮ ತಿರುಮಲನು ಸದಾಶಿವರಾಯನನ್ನೂ ಬೊಕ್ಕಸವನ್ನೂ ಕೊಂಡು ರಾಜಧಾನಿಯಿಂದ ಪೆನುಗೊಂಡೆಯ ಕಡೆಗೆ ತೆರಳಿದನು. ಶತ್ರುಸೇನೆಯು ನಗರವನ್ನು ಹೊಕ್ಕದ್ದು ಅನಂತರ. ಇದನ್ನು ವಿದ್ಯಾರ್ಥಿಯು 'ವೆನ್ ದಿ ಆರ್ಮಿ ಎಂಟರ್ಡ್ ದಿ ಸಿಟಿ, ತಿರುಮಲ ಲೆಫ್ಟ್' ಎಂದು ಬರೆದರೆ, ಸೇನೆಯು ಹೊಕ್ಕ ಮೇಲೆ, ಹೊಕ್ಕ ಕಾರಣದಿಂದಲೇ ತಿರುಮಲನು ಹೊರಟನೆಂದಾಗುತ್ತದೆ. 'ಹ್ಯಾಡ್ ಲೆಫ್ಟ್' ಎಂದಾಗ ಮಾತ್ರ ನಗರವು ರಕ್ಷಕನಿಲ್ಲದೆ ಉಳಿದಿತ್ತೆಂಬ ನಿಜಾಂಶ ವ್ಯಕ್ತವಾಗುತ್ತದೆ. 'ವಾಸ್ ಲೀವಿಂಗ್' ಎಂದರೆ ಮತ್ತೊಂದೇ ಚಿತ್ರ. ಮೂರೂ ವಾಕ್ಯಗಳು ವ್ಯಾಕರಣಶುದ್ಧವೇ, ಇತಿಹಾಸಶುದ್ಧವಾದುದು ಒಂದೇ. ಕನ್ನಡವು 'ತೆರಳಿದ ಮೇಲೆ', 'ಹೊರಡುವ ಮುನ್ನ' ಎಂಬ ಮಾತುಗಳಿಂದಲೇ ಈ ಕ್ರಮವನ್ನು ಸಲೀಸಾಗಿ ತೋರಿಸಬಲ್ಲುದಾದ್ದರಿಂದ ನಮ್ಮ ವಿದ್ಯಾರ್ಥಿಯು ಆ ಭಾರವನ್ನು ಕ್ರಿಯಾಪದದ ಮೇಲೆ ಹೊರಿಸಬೇಕೆಂಬುದನ್ನು ಮರೆಯುತ್ತಾನೆ.

ಮೂರನೆಯದು ಆಧಾರಗಳ ಉಲ್ಲೇಖಕ್ಕೆ ಸಂಬಂಧಿಸಿದ್ದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅದನ್ನು ವಿಸ್ತಾರದಲ್ಲಿ ರೋಮ್ ನಗರಕ್ಕೆ ಹೋಲಿಸಿದ್ದಾನೆ. ಕನ್ನಡದಲ್ಲಿ 'ನಗರವು ರೋಮಿನಷ್ಟು ದೊಡ್ಡದಾಗಿದೆ ಎಂದು ಬರೆದನು' ಎಂದರೆ 'ಎಂದು' ಎಂಬ ಪದವು ಮೂಲವಕ್ತೃವಿನ ವರ್ತಮಾನವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ 'ರೋಟ್' ಎಂಬುದರ ಹಿಂದೆಯೇ 'ಈಸ್' ಎಂದು ಬರೆದರೆ ಆ ಮಾತು ಇಂದಿಗೂ ಸತ್ಯವೆಂದು ಬರೆಯುವವನೇ ಹೊಣೆ ಹೊತ್ತಂತೆ ತೋರುತ್ತದೆ. 'ವಾಸ್' ಎಂದಾಗ ಹೊಣೆಯು ಪಾಯೆಸನಲ್ಲಿ ಉಳಿಯುತ್ತದೆ. ಸಾಕ್ಷಿಯ ಮಾತಿಗೂ ತನ್ನ ಮಾತಿಗೂ ಭೇದವೆಣಿಸದವನು ಇತಿಹಾಸಕಾರನಾಗಲಾರನು.

ಕೋಷ್ಟಕದ ಪರವಾಗಿ ಹೇಳಬಹುದಾದುದು ಇಲ್ಲದಿಲ್ಲ. ಚದುರಿದ ರೂಪಗಳನ್ನು ಅದು ಒಂದೇ ಪುಟದಲ್ಲಿ ಕೂಡಿಸಿ ತೋರಿಸುತ್ತದೆ. ತರಗತಿ ದೊಡ್ಡದಾಗಿ ವೇಳೆ ಕಡಮೆಯಾದಾಗ ಬೋಧಕನಿಗೆ ಅದೊಂದು ಊರೆಗೋಲು. ಆದರೆ ಊರೆಗೋಲನ್ನೇ ಗುರಿಯೆಂದು ತಿಳಿಯಲಾಗದು. ಪಾಠದ ಕೊನೆಯಲ್ಲಿ ಸಂಗ್ರಹವಾಗಿ ಬರಬೇಕಾದುದು ಆರಂಭದಲ್ಲಿ ಶಾಸನವಾಗಿ ಬಂದಿರುವುದೇ ಅನರ್ಥಕ್ಕೆ ಕಾರಣ. ಹಳಗನ್ನಡದ 'ಮಾಡಿದಂ, ಮಾಡಿದಪಂ, ಮಾಳ್ಪಂ' ಎಂಬ ರೂಪಗಳನ್ನು ಹೊಸಗನ್ನಡದ ಸಮಾನರೂಪಗಳ ಪಟ್ಟಿಯಿಂದಷ್ಟೇ ಕಲಿತವನು ಕಾವ್ಯವನ್ನು ಓದಲಾರನು, ವಾಕ್ಯದ ಸಂದರ್ಭವನ್ನು ಕಂಡವನು ಓದಬಲ್ಲನು. ಇಂಗ್ಲಿಷಿಗೂ ಇದೇ ನ್ಯಾಯ.

ಆದುದರಿಂದ ವಿದ್ಯಾರ್ಥಿಯು ಕ್ರಿಯಾಪದವನ್ನು ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವಂತೆ ರೂಢಿ ಮಾಡಿಸಬೇಕೆಂದು ಸೂಚಿಸುತ್ತೇವೆ. ಘಟನೆಯು ಇಂದಿನಿಂದ ಕಡಿದುಹೋದುದೋ, ಇಂದಿಗೂ ತಗಲಿಕೊಂಡಿರುವುದೋ? ಅದನ್ನು ಇಡಿಯಾಗಿ ಹೇಳುತ್ತಿದ್ದೇವೆಯೋ, ನಡೆಯುತ್ತಿರುವಂತೆ ತೋರಿಸುತ್ತಿದ್ದೇವೆಯೋ? ಮತ್ತೊಂದು ಗತಘಟನೆಗಿಂತ ಅದು ಹಿಂದಿನದೋ? ಈ ಪ್ರಶ್ನೆಗಳು ಇಂಗ್ಲಿಷಿನ ಬೋಧಕರಿಗೆ ಮಾತ್ರ ಸೇರಿದವಲ್ಲ. ಇತಿಹಾಸದ ಉತ್ತರಪತ್ರಿಕೆಯನ್ನು ತಿದ್ದುವವರೂ ಕಾಲದೋಷಕ್ಕೆ ಕೆಂಪು ಗೆರೆಯನ್ನೆಳೆದು ಬಿಡದೆ, ಅದರಿಂದ ಯಾವ ಸಂಗತಿ ತಿರುಚಿಹೋಯಿತೆಂದು ಅಂಚಿನಲ್ಲಿ ಒಂದು ಮಾತು ಬರೆದರೆ, ಭಾಷೆ ಮತ್ತು ವಿಷಯ ಎರಡೂ ಒಟ್ಟಿಗೆ ನೇರ್ಪಡುತ್ತವೆ.