ರಟ್ಟಿನ ಡಬ್ಬದ ವೈನು

ಮೆಲ್ಬರ್ನಿನಿಂದ ಬಂದ ಗೆಳೆಯನೊಬ್ಬ ಪಾರ್ಟಿಗೆ 2 ಲೀಟರ್ ವೈನ್ ತಂದಿದ್ದ. ರಟ್ಟಿನ ಡಬ್ಬ, ಕೆಳಗೊಂದು ಪ್ಲಾಸ್ಟಿಕ್ ನಲ್ಲಿ. 'ಏನೋ ಇದು, ಫಿನಾಯಿಲಾ?' ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಟಲಿಗಳು ಮುಗಿಯೋವರೆಗೆ ಅದನ್ನ ಯಾರೂ ಮುಟ್ಟಲಿಲ್ಲ. ಆಮೇಲೆ ಮುಟ್ಟಿದವರು ಬಿಡಲಿಲ್ಲ.

ಈ ಡಬ್ಬ ಒಳ್ಳೆಯ ಎಂಜಿನಿಯರಿಂಗ್ ಕಣ್ರೀ. 1965ರಲ್ಲಿ ಆಸ್ಟ್ರೇಲಿಯಾದ ಥಾಮಸ್ ಆಂಗೋವ್ ಇದಕ್ಕೆ ಪೇಟೆಂಟ್ ಪಡೆದ. ಆಗ ಒಳಚೀಲದ ಮೂಲೆ ಕತ್ತರಿಸಿ ಸುರಿದುಕೊಂಡು ಮತ್ತೆ ಕ್ಲಿಪ್ ಹಾಕಬೇಕಿತ್ತು. ನಲ್ಲಿ ಬಂದದ್ದು ಆಮೇಲೆ. ವೈನ್ ಇಳಿದಂತೆ ಚೀಲವೂ ಕುಗ್ಗುತ್ತೆ, ಗಾಳಿ ಒಳಗೆ ಹೋಗಲ್ಲ. ತೆರೆದ ಬಾಟಲಿ ಕೆಲವೇ ದಿನಕ್ಕೆ ಹುಳಿಯಾದರೆ ಇದು ವಾರಗಟ್ಟಲೆ ಕೆಡಲ್ಲ. ಗಾಜಿನ ಖರ್ಚೂ ಇಲ್ಲ, ಸಾಗಿಸೋ ಭಾರವೂ ಇಲ್ಲ. ವರ್ಷಗಟ್ಟಲೆ ಕೂಡಿಡೋ ವೈನಿಗೆ ಮಾತ್ರ ಇದು ಆಗಲ್ಲ. ನಮ್ಮಲ್ಲಿ ಯಾರು ಹಾಗೆ ಕೂಡಿಡ್ತಾರೆ ಹೇಳಿ?

ಬೆಲೆ ಇಳಿಸೋ ಇನ್ನೊಂದು ದಾರಿ ಬೆರಕೆ. ಕ್ಯಾಲಿಫೋರ್ನಿಯಾದ ಫ್ರೆಡ್ ಫ್ರಾಂಜಿಯಾ 2002ರಲ್ಲಿ 'ಚಾರ್ಲ್ಸ್ ಶಾ' ಹೆಸರಿನ ವೈನನ್ನು ಬಾಟಲಿಗೆ 1.99 ಡಾಲರಿಗೆ ಮಾರುಕಟ್ಟೆಗಿಳಿಸಿದ. ಆಗ ಅಲ್ಲಿ ವೈನ್ ಬೇಡಿಕೆಗಿಂತ ಜಾಸ್ತಿ ಇತ್ತು. ಒಂದೇ ತೋಟದ ಹೆಸರಿಗೆ ಜೋತುಬೀಳದೆ ಸಿಕ್ಕಿದ್ದನ್ನ ಕೊಂಡು ಬೆರೆಸಿದ. ಜನ ಅದನ್ನ 'ಟೂ ಬಕ್ ಚಕ್' ಅಂತ ಆಡಿಕೊಂಡರು. 2007ರಲ್ಲಿ ಅದರ ಶಾರ್ಡನೇ ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ದುಬಾರಿ ವೈನುಗಳನ್ನ ಹಿಂದಿಕ್ಕಿ ಗೆದ್ದಿತು.

ಬೆರಕೆ ಅಂದ್ರೆ ಕಲಬೆರಕೆ ಅಲ್ಲ ಅನ್ನೋದು ಫಿಲ್ಟರ್ ಕಾಫಿ ಕುಡಿಯೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ನಮ್ಮ ಕಾಫಿಪುಡಿ ಪ್ಯಾಕೆಟ್ಟಿನ ಮೇಲೆ ಚಿಕೋರಿ ಶೇಕಡಾ ಎಷ್ಟು ಅಂತ ಬರೆದಿರಲೇಬೇಕು. ಅಮೆರಿಕದಲ್ಲಿ ಒಂದು ದ್ರಾಕ್ಷಿಯ ಹೆಸರು ಹಾಕಿ ಮಾರೋ ವೈನಿನಲ್ಲಿ ಆ ದ್ರಾಕ್ಷಿ ಶೇ. 75 ಇದ್ದರೆ ಸಾಮಾನ್ಯವಾಗಿ ಸಾಕು. ಉಳಿದದ್ದು ಏನು ಅಂತ ಹೇಳಬೇಕಿಲ್ಲ. ಅಗ್ಗದ ವೈನಿನ ಮೇಲೆ ನನ್ನ ಮೊದಲ ತಕರಾರು ಇದೇ. ಬೆರೆಸಿ, ಆದ್ರೆ ಏನು ಬೆರೆಸಿದ್ರಿ ಹೇಳಿ.

ಎರಡನೇ ತಕರಾರು ಸ್ವಲ್ಪ ಕಷ್ಟದ್ದು. ಅಗ್ಗದ ಪ್ಯಾಕಿಂಗ್ ಅಂದ ತಕ್ಷಣ ನನಗೆ ನಮ್ಮೂರಿನ ಸಾರಾಯಿ ಪ್ಯಾಕೆಟ್ ನೆನಪಾಗುತ್ತೆ. ಹಲ್ಲಲ್ಲಿ ಮೂಲೆ ಕಚ್ಚಿ ಹರಿದು, ನಿಂತಲ್ಲೇ ಕುಡಿದು, ಚರಂಡಿಗೆ ಎಸೆಯೋರು. ಕೂಲಿಯ ದುಡ್ಡು ಮನೆ ಮುಟ್ಟುತ್ತಿರಲಿಲ್ಲ. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿದಾಗ ನಮ್ಮ ಬೀದಿಯ ಹೆಂಗಸರು ಹಬ್ಬವೇ ಬಂತು ಅನ್ನೋ ಹಾಗೆ ಖುಷಿಪಟ್ಟಿದ್ದರು. ಡಬ್ಬ ಹುಟ್ಟಿದ ಆಸ್ಟ್ರೇಲಿಯಾದಲ್ಲೇ, ನಾರ್ದರ್ನ್ ಟೆರಿಟರಿ ಸರ್ಕಾರ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿತು. ಅದರ ಬಿಸಿ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಡಬ್ಬದ ವೈನಿಗೇ.

ಹಾಗಂತ ಒಳ್ಳೆಯ ವೈನ್ ಸಂಬಳ ಜಾಸ್ತಿ ಇದ್ದವರಿಗೆ ಮಾತ್ರ ಮೀಸಲಾಗಲಿ ಅಂತ ಹೇಳಲಾರೆ. ಊರಿನವರು ಕುಡಿದರೆ ಚಟ, ನಾವು ಕುಡಿದರೆ ಅಭಿರುಚಿ ಅನ್ನೋ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ನಾನು ಡಬ್ಬದ ಪರ. ಆದ್ರೆ ಅದರ ಪಕ್ಕದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸೋ ಒಂದು ಸಣ್ಣ ಗೆರೆಗಿಂಡಿ ಇದ್ದಿದ್ದರೆ ಚೆನ್ನಾಗಿತ್ತು. ಬಾಟಲಿಯ ತಳ ಕಣ್ಣಿಗೆ ಕಾಣುತ್ತೆ. ಆ ರಾತ್ರಿ ನಮ್ಮ ಡಬ್ಬ ಖಾಲಿಯಾಗಿದ್ದು ನಲ್ಲಿ ತಿರುಗಿಸಿದರೂ ಏನೂ ಬರದೆ ಇದ್ದಾಗಲೇ ಗೊತ್ತಾಗಿದ್ದು. ಯಾರು ಎಷ್ಟು ಕುಡಿದೆವು ಅನ್ನೋ ಲೆಕ್ಕ ಯಾರ ಹತ್ರಾನೂ ಇರಲಿಲ್ಲ.