ಬೋರ್‌ವೆಲ್ಲಿನ ಆಳ, ಕರೆಂಟಿನ ಲೆಕ್ಕ

ವಿದ್ಯುತ್ ಉತ್ಪಾದನೆಯಲ್ಲಿ ನಮ್ಮ ನಾಡಿನ ಸಾಧನೆ ಚಿಕ್ಕದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಆಮೇಲೆ ಜೋಗ, ಶರಾವತಿ, ರಾಯಚೂರು. ಈಗ ಪಾವಗಡದ ಬಿಸಿಲಿನಿಂದ 2,050 ಮೆಗಾವಾಟ್. ಆದರೆ ಎಷ್ಟು ಉತ್ಪಾದಿಸಿದೆವು ಎಂಬುದೊಂದರಿಂದಲೇ ವಿದ್ಯುತ್ ನೀತಿಯನ್ನು ಅಳೆದರೆ ಸಾಲದು. ಆ ಕರೆಂಟು ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದು ತಿಳಿಯಬೇಕಾದರೆ ಹಳೇಬೀಡು, ಅರಸೀಕೆರೆ ಸೀಮೆಯ ತೋಟಗಳನ್ನು ನೋಡಬೇಕು.

10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ವಿದ್ಯುತ್ ಕೊಡುತ್ತಿದೆ. ಮಳೆ ಕೈಕೊಟ್ಟ ವರ್ಷ ತೆಂಗು ಉಳಿಸಿಕೊಳ್ಳಲು ಒದ್ದಾಡುವ ರೈತನಿಗೆ ಇದು ನಿಜವಾದ ಆಸರೆ. ಇದನ್ನು ದಂಡದ ಖರ್ಚು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ತಪ್ಪಿರುವುದು ಕೊಡುವ ಕ್ರಮದಲ್ಲಿ. ತ್ರೀಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದರಲ್ಲೂ ಒಂದು ಪಾಲು ಎಷ್ಟೋ ಕಡೆ ರಾತ್ರಿ. ಕತ್ತಲಲ್ಲಿ ಹಾವು, ಚಿರತೆಗೆ ಅಂಜಿ ತೋಟಕ್ಕೆ ಹೋಗಲಾಗದ ರೈತ ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾನೆ. ಕರೆಂಟು ಬಂದೊಡನೆ ಮೋಟಾರು ತಾನೇ ಓಡುತ್ತದೆ; ಗಿಡಕ್ಕೆ ಬೇಕಿರಲಿ, ಬೇಡವಿರಲಿ, ನೀರು ಹರಿಯುತ್ತಲೇ ಇರುತ್ತದೆ. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರೂ ಇಲ್ಲ. ಬಳಕೆಯ ಲೆಕ್ಕವೆಲ್ಲ ಅಂದಾಜು.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1 ಲಕ್ಷ ಲೀಟರ್ ಬೇಕು. ಅಷ್ಟನ್ನು 600 ಅಡಿ ಆಳದಿಂದ ಎತ್ತಲು ಕನಿಷ್ಠ 50 ಯೂನಿಟ್. ಪಂಪು, ಪೈಪಿನ ನಷ್ಟ ಸೇರಿದರೆ 100ರ ಹತ್ತಿರ. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತವಾಗಿ ಸಿಗುವ ಗರಿಷ್ಠ 200 ಯೂನಿಟ್‌ನ ಅರ್ಧ ಇದು. ಅದೇ ನೀರು 60 ಅಡಿಯಲ್ಲಿ ಸಿಕ್ಕರೆ ಖರ್ಚು ಹತ್ತರಲ್ಲೊಂದು ಪಾಲು. ಅಂತರ್ಜಲ ಕುಸಿದಷ್ಟೂ ಅದೇ ಬೆಳೆಗೆ ಹೆಚ್ಚು ಕರೆಂಟು ಬೇಕು. ಲೆಕ್ಕವಿಲ್ಲದೆ ಪಂಪು ಓಡಿದಷ್ಟೂ ಅಂತರ್ಜಲ ಕುಸಿಯುತ್ತದೆ. ಈ ಸುಳಿಗೆ ಎಷ್ಟು ಸ್ಥಾವರ ಕಟ್ಟಿದರೂ ಸಾಲದು.

ಇದೇ ಹಳೇಬೀಡು ದ್ವಾರಸಮುದ್ರವೆಂಬ ಹೊಯ್ಸಳರ ರಾಜಧಾನಿಯಾಗಿದ್ದಾಗ ಅದರ ನೀರಿನ ವ್ಯವಸ್ಥೆ ನಿಂತಿದ್ದು ಪಂಪಿನ ಮೇಲಲ್ಲ, ಇಳಿಜಾರಿನ ಮೇಲೆ. ದ್ವಾರಸಮುದ್ರದ ಕೆರೆ ತುಂಬಿದರೆ ಕೆಳಗಿನ ಗದ್ದೆಗೆ ತೂಬಿನಿಂದಲೇ ನೀರು, ಸುತ್ತಲ ಬಾವಿಗಳಿಗೆ ಒರತೆ. ರಣಘಟ್ಟದ ಬಳಿ ಯಗಚಿ ನದಿಯ ನೀರನ್ನು ತಿರುಗಿಸಿ ಹಳೇಬೀಡು, ಮಾದಿಹಳ್ಳಿ ಸೀಮೆಯ ಕೆರೆಗಳಿಗೆ ಹರಿಸಬೇಕೆಂದು ಇಲ್ಲಿನ ರೈತರು ಹೋರಾಡಿದ್ದು ಇದೇ ಕಾರಣಕ್ಕೆ. ನೀರಾವರಿ ಇಲಾಖೆ ಇಂಥ ಯೋಜನೆಯನ್ನು ತೂಗುವಾಗ ತುಂಬುವ ಕೆರೆಗಳ ಜೊತೆಗೆ ಉಳಿಯುವ ಯೂನಿಟ್‌ಗಳನ್ನೂ ತಕ್ಕಡಿಗೆ ಹಾಕಬೇಕು. ಉಳಿತಾಯವೂ ಉತ್ಪಾದನೆಯೇ, ಅದಕ್ಕೆ ಕಾಡು ಮುಳುಗಿಸಬೇಕಿಲ್ಲ.

ಆದ್ದರಿಂದ ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳುವುದು ಬೇಡ, ತಿದ್ದೋಣ. ಸೌರ ವಿದ್ಯುತ್ ಹೇರಳವಾಗಿರುವ ಹಗಲಿನಲ್ಲೇ ಪೂರ್ತಿ ಏಳು ಗಂಟೆ ಕೊಡಲಿ. ಪ್ರತಿ ಟ್ರಾನ್ಸ್‌ಫಾರ್ಮರಿಗೂ ಮೀಟರ್ ಬರಲಿ, ಅದರ ಅಂಕಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕಾಣಲಿ. ಸಬ್ಸಿಡಿಯ ಒಂದು ಪಾಲು ಕೆರೆಯ ಹೂಳೆತ್ತಲು, ಕಾಲುವೆ ದುರಸ್ತಿಗೆ ಸಲ್ಲಲಿ. ಇಷ್ಟಾಗುವವರೆಗೆ ಉಚಿತ ವಿದ್ಯುತ್ ಯೋಜನೆ ರೈತನಿಗೆ ಕೊಡುತ್ತಿರುವುದು ಅರ್ಧ ನ್ಯಾಯ ಮಾತ್ರ.